ಕುರಿಯ ಕೋಶದೊಳಗೆ ವೈರಸ್: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಓದುವ ಬಗೆ

ಮಳೆ ಹಿಂದೆ ಸರಿದರೂ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ಸೀಮೆಯಲ್ಲಿ ಗದ್ದೆಯ ಕೆಸರು ಇನ್ನೂ ಆರಿರುವುದಿಲ್ಲ. ಆ ದಿನಗಳಲ್ಲಿ ಕುರಿ ಹಟ್ಟಿಗಳಿಗೆ ಬರುವ ಬೇನೆಗಳಲ್ಲಿ ನೀಲಿ ನಾಲಿಗೆ ಒಂದು. ಜ್ವರ ಏರುತ್ತದೆ, ಮೂತಿ, ತುಟಿ ಬಾಯುತ್ತವೆ, ಬಾಯೊಳಗೆ ಹುಣ್ಣಾಗುತ್ತದೆ, ಗೊರಸಿನ ಮೇಲಂಚು ಕೆಂಪೇರಿ ಕುರಿ ಕುಂಟುತ್ತದೆ. ಇದನ್ನು ಹರಡುವುದು ಕ್ಯೂಲಿಕಾಯ್ಡಿಸ್ ಎಂಬ ರಕ್ತ ಹೀರುವ ನೊಣ. ಅದರ ಉದ್ದ 1ರಿಂದ 3 ಮಿಲಿಮೀಟರ್ ಅಷ್ಟೆ; ಕೆಸರು, ಹಸಿ ಸಗಣಿ ಅದು ಮೊಟ್ಟೆಯಿಡುವ ಜಾಗ. ಇಷ್ಟು ನಮ್ಮ ಭಾಗದ ಪಶುವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಆ ನೊಣ ಬಿಟ್ಟುಹೋದ ವೈರಸ್ ರಕ್ತನಾಳದ ಒಳಪದರದ ಕೋಶಕ್ಕೆ ಹೇಗೆ ಇಳಿಯುತ್ತದೆ, ಇಳಿದ ಮೇಲೆ ಎಲ್ಲಿ ಕೂತು ತನ್ನಂಥವನ್ನೇ ಕಟ್ಟುತ್ತದೆ ಎಂಬುದನ್ನು ಕಣ್ಣಾರೆ ತೋರಿಸುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವ ಮಕ್ಕಳಿಗೆ ಪಠ್ಯದಲ್ಲಿ ಬಾಣದ ಗುರುತು ಹಾಕಿದ ಚಿತ್ರ ಸಿಗುತ್ತದೆ. ಆ ಬಾಣ ಅಲ್ಲಿಗೇ ಏಕೆ ಬಿತ್ತು ಎಂಬ ವಿವರ ಸಿಗುವುದಿಲ್ಲ. ಅದಕ್ಕೇ ಈ ಬರಹ.

ಚಿತ್ರದಲ್ಲಿರುವುದು ಒಂದು ಕ್ಷಣದಲ್ಲಿ ನಿಂತುಹೋದ ಕೋಶ. ಪೊರೆಯ ಅಂಚಿನ ಗುಳಿಯಲ್ಲಿ ಒಂದು ಕಣ ಕೂತಿದೆ ಎಂದರೆ ಅದು ಒಳಗೆ ಹೋಗುತ್ತಿರಬಹುದು, ಹೊರಗೆ ಬರುತ್ತಿರಬಹುದು, ಸುಮ್ಮನೆ ಅಂಟಿಕೊಂಡೂ ಇರಬಹುದು. ಚಿತ್ರವೊಂದೇ ದಿಕ್ಕು ಹೇಳಲಾರದು. ದಿಕ್ಕು ತಿಳಿಯಬೇಕಾದರೆ ಪ್ರಯೋಗದಲ್ಲೇ ಮೂರು ಹಿಡಿತ ಇರಬೇಕು: ತಂಪು, ಗಡಿಯಾರ, ಹುಳಿ.

ಮೊದಲು ತಂಪು. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೈರಸ್ ಕೋಶಕ್ಕೆ ಅಂಟುತ್ತದೆ, ಆದರೆ ಕೋಶ ಅದನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಪೊರೆ ಗುಳಿಬಿದ್ದು ಚೀಲವಾಗುವ ಕೆಲಸ ಆ ತಂಪಿಗೆ ನಿಂತುಬಿಡುತ್ತದೆ. ಹಾಗಾಗಿ ಬಿಎಚ್‌ಕೆ-21 (ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಬೆಳೆಸಿದ) ಕೋಶಗಳ ಮೇಲೆ ತಣ್ಣನೆಯ ವೈರಸ್ ದ್ರಾವಣ ಹಾಕಿ ಮಂಜುಗಡ್ಡೆಯ ಮೇಲೆ 1 ಗಂಟೆ ಇಡುತ್ತಾರೆ. ಅಂಟದೆ ಉಳಿದದ್ದನ್ನು ತಣ್ಣನೆಯ ದ್ರಾವಣದಲ್ಲೇ ಮೂರು ಸಲ ತೊಳೆದು, 37 ಡಿಗ್ರಿಗೆ ಬಿಸಿ ಮಾಡಿಟ್ಟ, ಕೋಶ ಬೆಳೆಸುವ ಮಾಧ್ಯಮ ಸುರಿಯುತ್ತಾರೆ. ಆ ಗಳಿಗೆಯೇ ಸೊನ್ನೆ ನಿಮಿಷ. ಅಲ್ಲಿಂದ 5, 15, 30, 60 ನಿಮಿಷಕ್ಕೆ ಒಂದೊಂದು ಫ್ಲಾಸ್ಕ್ ನಿಲ್ಲಿಸಿದರೆ ಒಳಹೋಗುವ ದಾರಿ ಸಿಗುತ್ತದೆ. 4, 8, 12, 24 ಗಂಟೆಗೆ ನಿಲ್ಲಿಸಿದರೆ ಒಳಗೆ ಹೆಚ್ಚುವ ಬಗೆ ಸಿಗುತ್ತದೆ. ತೊಳೆಯುವ ದ್ರಾವಣ ಕೋಣೆಯ ಬಿಸಿಯಲ್ಲಿದ್ದರೆ ಗಡಿಯಾರ ಅಲ್ಲೇ ಕೆಡುತ್ತದೆ. ಹೊರಗೆ 42 ಡಿಗ್ರಿ ಇರುವ ರಾಯಚೂರಿನ ಏಪ್ರಿಲ್‌ನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಪೈಪೆಟ್, ಫ್ಲಾಸ್ಕ್ ಇಡುವ ತಟ್ಟೆ ಎಲ್ಲವನ್ನೂ ಮುಂಚೆಯೇ ತಣ್ಣಗೆ ಮಾಡಿಡಬೇಕು.

ಎಷ್ಟು ವೈರಸ್ ಹಾಕಬೇಕು ಎಂಬಲ್ಲಿ ಹೊಸಬರ ಪ್ರಯೋಗ ಹೆಚ್ಚಾಗಿ ಸೋಲುತ್ತದೆ. ಲೆಕ್ಕ ಸರಳ. ದುಂಡಗಾದ ಕೋಶದ ಅಡ್ಡಳತೆ ಸುಮಾರು 15 ಮೈಕ್ರೋಮೀಟರ್, ಅಂದರೆ 15,000 ನ್ಯಾನೋಮೀಟರ್. ಸೂಕ್ಷ್ಮದರ್ಶಕದಲ್ಲಿ ನೋಡಲು ಕೋಶದಿಂದ ನಾವು ಕೊಯ್ಯುವ ತೆಳು ಹಾಳೆಯ ದಪ್ಪ 70 ನ್ಯಾನೋಮೀಟರ್. ನೀಲಿ ನಾಲಿಗೆ ವೈರಸ್ ಸುಮಾರು 90 ನ್ಯಾನೋಮೀಟರ್. ಒಂದು ಕಣದ ತುದಿಯಾದರೂ ಹಾಳೆಗೆ ತಾಗಬೇಕಾದರೆ ಅದು 70 ಕೂಡಿಸು 90, ಅಂದರೆ 160 ನ್ಯಾನೋಮೀಟರ್ ಪಟ್ಟಿಯೊಳಗೆ ಇರಬೇಕು. 15,000ದಲ್ಲಿ 160 ಎಂದರೆ ನೂರಕ್ಕೆ ಒಂದು. ಕೋಶವೊಂದಕ್ಕೆ 100 ಕಣ ಅಂಟಿದ್ದರೆ ಒಂದು ಹಾಳೆಯಲ್ಲಿ ಸರಾಸರಿ ಒಂದು ಕಣ ಕಾಣುತ್ತದೆ. 5 ಕಣ ಅಂಟಿದ್ದರೆ ಇಪ್ಪತ್ತು ಕೋಶ ಹುಡುಕಿದ ಮೇಲೆ ಒಂದು ಸಿಗಬಹುದು, ಸಿಗದೆಯೂ ಇರಬಹುದು. ಅದಕ್ಕೇ ಒಳಹೊಗುವುದನ್ನು ನೋಡಲು ಕೋಶಕ್ಕೆ 50–100 ಸೋಂಕು ಘಟಕದಷ್ಟು (ಅಂದರೆ ಸೋಂಕು ತರಬಲ್ಲ ಅಷ್ಟು ಕಣ) ಹಾಕುವುದು, ಹೆಚ್ಚುವುದನ್ನು ನೋಡಲು 1–5 ಸಾಕು. ಇದರ ಜೊತೆಗೆ ಒಂದು ತೊಡಕೂ ಇದೆ. ಹಾಕಿದ ಕಣಗಳೆಲ್ಲ ಸೋಂಕು ತರುವುದಿಲ್ಲ. ಕೆಲವು ವೈರಸ್‌ಗಳಲ್ಲಿ ನೂರಾರು ಕಣಕ್ಕೆ ಒಂದು ಮಾತ್ರ ಗೆಲ್ಲುತ್ತದೆ. ಚಿತ್ರದಲ್ಲಿ ಸಿಕ್ಕ ಕಣ ಗೆಲ್ಲುವ ದಾರಿಯಲ್ಲಿತ್ತೋ ಸೋಲುವ ದಾರಿಯಲ್ಲಿತ್ತೋ ಎಂದು ಕೇಳದೆ ಬರೆದ ವರದಿಗೆ ಬೆಲೆ ಕಡಿಮೆ.

ಇನ್ನು ಹುಳಿ. ನೀಲಿ ನಾಲಿಗೆ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ, ಇರುವುದು ಮೂರು ಸುತ್ತಿನ ಪ್ರೋಟೀನ್ ಗೋಡೆ. ಹೊರಸುತ್ತಿನಲ್ಲಿ ವಿಪಿ2 ಮತ್ತು ವಿಪಿ5, ನಡುವೆ ವಿಪಿ7, ಒಳಗೆ ವಿಪಿ3. ಅದರೊಳಗೆ 10 ತುಂಡು ಜೋಡಿ-ಎಳೆ ಆರ್‌ಎನ್‌ಎ. ವಿಪಿ2 ಕೋಶದ ಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಗೆ ಅಂಟುತ್ತದೆ. ಮೊದಲ ಕೆಲವು ನಿಮಿಷದ ಚಿತ್ರದಲ್ಲಿ ಆ ಜಾಗದ ಪೊರೆ ಗುಳಿಬಿದ್ದು, ಗುಳಿಯ ಒಳಮಗ್ಗುಲಿಗೆ, ಅಂದರೆ ಕೋಶರಸದ ಕಡೆಗೆ, ಕಪ್ಪು ಗೊಂಡೆಯಂಥ ಅಂಚು ಕಾಣುತ್ತದೆ. ಅದು ಕ್ಲಾತ್ರಿನ್, ಗುಳಿಯನ್ನು ಹೊದೆಯುವ ಕೋಶದ ಪ್ರೋಟೀನ್. ಗುಳಿ ಮುಚ್ಚಿ ಚೀಲವಾಗುತ್ತದೆ, ಕ್ಲಾತ್ರಿನ್ ಕಳಚುತ್ತದೆ, ಚೀಲ ಎಂಡೋಸೋಮ್ ಎಂಬ ಕೋಶದೊಳಗಿನ ದೊಡ್ಡ ಚೀಲವನ್ನು ಸೇರುತ್ತದೆ. ಎಂಡೋಸೋಮ್ ಒಳಗೆ ಹೋದಂತೆಲ್ಲ ಹುಳಿಯಾಗುತ್ತದೆ. ಮೊದಲ ಹಂತದ ಹುಳಿಗೆ ವಿಪಿ2 ಉದುರುತ್ತದೆ; ಪಿಎಚ್ 5.5ರ ಹತ್ತಿರ ಬಂದಾಗ ವಿಪಿ5 ಮಡಿಕೆ ಬಿಚ್ಚಿ ಚೀಲದ ಪೊರೆಯನ್ನು ಚುಚ್ಚುತ್ತದೆ. ಹೊರಬೀಳುವುದು ಸುಮಾರು 70 ನ್ಯಾನೋಮೀಟರ್‌ನ ಒಳತಿರುಳು. ಚಿತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಸಿಗುತ್ತದೆ: ಪೂರ್ತಿ ಕಣದ ಅಂಚು ನವಿರಾದ ನೂಲಿನಂತೆ ಮಸುಕು, ತಿರುಳಿನ ಅಂಚು ಖಚಿತ.

ಇದು ನಿಜವಾಗಿಯೂ ಒಳಹೊಗುವ ದಾರಿಯೇ ಎಂದು ಖಾತ್ರಿಪಡಿಸಿಕೊಳ್ಳಲು ಹುಳಿಯನ್ನು ತಡೆದು ನೋಡಬೇಕು. 20 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಅಥವಾ 100 ನ್ಯಾನೋಮೋಲಾರ್ ಬ್ಯಾಫಿಲೋಮೈಸಿನ್ ಇರುವ ಮಾಧ್ಯಮದಲ್ಲಿ ಎಂಡೋಸೋಮ್ ಹುಳಿಯಾಗುವುದಿಲ್ಲ. ಆಗ 60 ನಿಮಿಷದ ಫ್ಲಾಸ್ಕಿನಲ್ಲಿ ಕಣಗಳು ಚೀಲದೊಳಗೇ ರಾಶಿ ಬಿದ್ದಿರುತ್ತವೆ. ಮದ್ದು ಇಲ್ಲದ ಫ್ಲಾಸ್ಕಿನಲ್ಲಿ ಆ ರಾಶಿ ಇರುವುದಿಲ್ಲ. ಪಕ್ಕಪಕ್ಕ ಇಟ್ಟ ಈ ಎರಡು ಚಿತ್ರ ಹೇಳುವಷ್ಟನ್ನು ಒಂಟಿಯಾಗಿ ತೆಗೆದ ನೂರು ಸುಂದರ ಚಿತ್ರಗಳೂ ಹೇಳಲಾರವು.

ಕೋಶರಸಕ್ಕೆ ಇಳಿದ ತಿರುಳು ಒಡೆಯುವುದಿಲ್ಲ. ಈ ವೈರಸ್ಸಿನ ಜಾಣತನ ಇರುವುದೇ ಇಲ್ಲಿ. ಜೋಡಿ-ಎಳೆ ಆರ್‌ಎನ್‌ಎ ಬಯಲಿಗೆ ಬಿದ್ದರೆ ಕೋಶದ ಕಾವಲು ಎಚ್ಚರಗೊಳ್ಳುತ್ತದೆ. ಅದಕ್ಕೆ ತಿರುಳು ಮುಚ್ಚಿಕೊಂಡೇ ಒಳಗಿನ ಕಿಣ್ವಗಳಿಂದ ಒಂಟಿ-ಎಳೆ ಸಂದೇಶಗಳನ್ನು ಬರೆದು, ರಂಧ್ರಗಳ ಮೂಲಕ ಹೊರಕ್ಕೆ ತಳ್ಳುತ್ತದೆ. ಅವನ್ನು ಓದಿ ಪ್ರೋಟೀನ್ ಮಾಡುವುದು ಕೋಶದ ಸ್ವಂತ ರೈಬೋಸೋಮ್‌ಗಳು. ಸೋಂಕು ಚೆನ್ನಾಗಿ ಹಿಡಿದ ಕೋಶದ ಹಾಳೆಯಲ್ಲಿ ಎರಡು ಗುರುತು ಸಿಗಬೇಕು. ಒಂದು, ಕೋಶಕೇಂದ್ರದ ಹತ್ತಿರ ಸುತ್ತ ಪೊರೆಯಿಲ್ಲದ, ಸಣ್ಣ ಹರಳಿನಂತೆ ದಟ್ಟವಾದ ಕಪ್ಪು ಗುಡ್ಡೆ. ಎನ್‌ಎಸ್2 ಎಂಬ ವೈರಸ್ಸಿನದೇ ಪ್ರೋಟೀನಿನಿಂದ ಆದ ಈ ಗುಡ್ಡೆಯಲ್ಲೇ ಹೊಸ ತಿರುಳು ಕಟ್ಟುವುದು. ಗುಡ್ಡೆಯ ಅಂಚಿನಲ್ಲಿ ಪೂರ್ತಿಯಾದ ತಿರುಳುಗಳು, ಹೊಲದ ರಾಶಿಯ ಸುತ್ತ ಚೆಲ್ಲಿದ ಕಾಳಿನಂತೆ, ಕಾಣುತ್ತವೆ. ಇನ್ನೊಂದು, ಎನ್‌ಎಸ್1ರ ಕೊಳವೆಗಳು: ಅಡ್ಡಳತೆ 52 ನ್ಯಾನೋಮೀಟರ್, ಉದ್ದ ಸಾವಿರ ನ್ಯಾನೋಮೀಟರ್‌ವರೆಗೆ. ಹಾಳೆ ಅವನ್ನು ಉದ್ದಕ್ಕೆ ಕೊಯ್ದರೆ ಪಟ್ಟೆ, ಅಡ್ಡಕ್ಕೆ ಕೊಯ್ದರೆ ಬಳೆ. ಅಡ್ಡ ಕೊಯ್ದ ಬಳೆಯನ್ನು ವೈರಸ್ ಎಂದು ಎಣಿಸುವ ತಪ್ಪು ಬಹಳ ಸಾಮಾನ್ಯ. ಹತ್ತಿರದಲ್ಲೇ ಉದ್ದನೆಯ ಪಟ್ಟೆ ಇದೆಯೇ ಎಂದು ನೋಡಿದರೆ ಗೊಂದಲ ಬಗೆಹರಿಯುತ್ತದೆ.

ಚರ್ಮಗಂಟು ರೋಗ, ಕುರಿ ಸಿಡುಬು ತರುವ ಸಿಡುಬು ಕುಲದ ವೈರಸ್ ಕಣ್ಣಿಗೆ ಇನ್ನೂ ಹಬ್ಬ. ಇಟ್ಟಿಗೆಯಾಕಾರದ ಕಣ, ಉದ್ದ ಸುಮಾರು 300 ನ್ಯಾನೋಮೀಟರ್. ಡಿಎನ್‌ಎ ವೈರಸ್ ಆದರೂ ಕೋಶಕೇಂದ್ರಕ್ಕೆ ಹೋಗದೆ ಕೋಶರಸದಲ್ಲೇ ಕಾರ್ಖಾನೆ ಕಟ್ಟುತ್ತದೆ. ಅದೇ ಕುಲದ, ಹೆಚ್ಚು ಅಧ್ಯಯನವಾಗಿರುವ ವ್ಯಾಕ್ಸೀನಿಯಾ ವೈರಸ್ಸಿನಲ್ಲಿ ಸೋಂಕಾದ 4–6 ಗಂಟೆಗೆ ಆ ಕಾರ್ಖಾನೆಯೊಳಗೆ ಬಿದಿಗೆ ಚಂದ್ರನಂಥ ಬಾಗುಗಳು ಕಾಣುತ್ತವೆ. ಬಾಗು ಬೆಳೆದು ಹುಣ್ಣಿಮೆಯಾಗುತ್ತದೆ: ಅದು ಎಳೆ ಕಣ, ದುಂಡಗೆ, ಒಳಗೆ ಬೂದು ಬಣ್ಣ. ಕೆಲವು ದುಂಡಿನಲ್ಲಿ ಒಂದು ಮಗ್ಗುಲಿಗೆ ಕಪ್ಪು ಬೊಟ್ಟು ಇರುತ್ತದೆ, ಡಿಎನ್‌ಎ ಒಳಗೆ ಸೇರಿದ ಗುರುತು ಅದು. ಆಮೇಲೆ ದುಂಡು ಕುಗ್ಗಿ ಇಟ್ಟಿಗೆಯಾಗುತ್ತದೆ, ನಡುವೆ ಡಂಬೆಲ್ ಆಕಾರದ ತಿರುಳು ಮೂಡುತ್ತದೆ. ಒಂದೇ ಹಾಳೆಯಲ್ಲಿ ಬಿದಿಗೆಯಿಂದ ಇಟ್ಟಿಗೆಯವರೆಗೆ ಎಲ್ಲ ಹಂತವೂ ಒಟ್ಟಿಗೆ ಸಿಗುವುದು ಈ ಕುಲದಲ್ಲಿ. ಕುರಿ ಸಿಡುಬು, ಚರ್ಮಗಂಟಿನ ವೈರಸ್ ನಿಧಾನ. ಅವುಗಳಿಗೆ ಗಂಟೆಗಳ ಬದಲು ದಿನಗಳ ಲೆಕ್ಕ ಇಟ್ಟುಕೊಳ್ಳಬೇಕು. ಇನ್ನೊಂದು ಎಚ್ಚರ: 300 ನ್ಯಾನೋಮೀಟರ್ ಕಣವನ್ನು 70ರ ಹಾಳೆ ನಾಲ್ಕು ಚೂರು ಮಾಡುತ್ತದೆ. ಕೊಯ್ತ ಬಿದ್ದ ದಿಕ್ಕಿನಂತೆ ಅದೇ ಕಣ ಆಯತ, ಮೊಟ್ಟೆ, ದುಂಡು ಏನಾಗಿಯೂ ಕಾಣಬಹುದು. ಡಂಬೆಲ್ ಕಾಣದ್ದಕ್ಕೆ 'ಬೇರೆ ವೈರಸ್' ಎಂದು ಬರೆಯಬಾರದು.

ಕಾಲುಬಾಯಿ ಬೇನೆಯ ವೈರಸ್ ಇದಕ್ಕೆ ತದ್ವಿರುದ್ಧ. 1898ರಲ್ಲಿ ಲೋಫ್ಲರ್ ಮತ್ತು ಫ್ರಾಷ್ ತೋರಿಸಿಕೊಟ್ಟ, ಪ್ರಾಣಿಗಳಲ್ಲಿ ಮೊಟ್ಟಮೊದಲು ಪತ್ತೆಯಾದ ಈ ವೈರಸ್ 25–30 ನ್ಯಾನೋಮೀಟರ್ ಅಷ್ಟೆ. ರೈಬೋಸೋಮ್ ಕೂಡ ಹೆಚ್ಚುಕಡಿಮೆ ಅಷ್ಟೇ ದಪ್ಪ. ಬಿಡಿಬಿಡಿಯಾಗಿ ಚೆಲ್ಲಿದ್ದರೆ ತೆಳು ಹಾಳೆಯಲ್ಲಿ ಎರಡನ್ನೂ ಬೇರೆ ಮಾಡುವುದು ಆಗದ ಮಾತು. ಕಣಗಳು ಸಾಲುಸಾಲಾಗಿ ಹರಳಿನಂತೆ ಜೋಡಿಕೊಂಡಿದ್ದರೆ ಮಾತ್ರ ಧೈರ್ಯವಾಗಿ ಹೇಳಬಹುದು. ಇದೂ ಹುಳಿಯ ವೈರಸ್ಸೇ. ಪಿಎಚ್ 6.5ರ ಕೆಳಗೆ ಇಳಿದರೆ ಕವಚ 12 ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಎಂಡೋಸೋಮಿನಲ್ಲಿ ಆರ್‌ಎನ್‌ಎ ಹೊರಬರುವುದು ಹಾಗೆಯೇ. ಆ ಗುಣವೇ ಸೂಕ್ಷ್ಮದರ್ಶಕದ ಮೇಜಿನ ಮೇಲೆ ಕೈಕೊಡುತ್ತದೆ. ಕಣ ಬಿಟ್ಟು ಅದರ ಸುತ್ತಲಿನ ಹಿನ್ನೆಲೆಯನ್ನು ಕಪ್ಪಾಗಿಸುವ ಋಣ ಬಣ್ಣಕ್ಕೆ ಬಳಸುವ ಯುರೇನಿಲ್ ಅಸಿಟೇಟ್ ದ್ರಾವಣದ ಪಿಎಚ್ ಸುಮಾರು 4.5. ಅದನ್ನು ಹಾಕಿದರೆ ಕಣಗಳು ಕಣ್ಣಿಗೆ ಬೀಳುವ ಮೊದಲೇ ಚೂರಾಗಿರುತ್ತವೆ, 'ವೈರಸ್ ಇಲ್ಲ' ಎಂಬ ಸುಳ್ಳು ವರದಿ ಹೋಗುತ್ತದೆ. ಅಲ್ಲಿ ಪಿಎಚ್ 7ಕ್ಕೆ ಸರಿಮಾಡಿದ 2 ಶೇಕಡಾ ಫಾಸ್ಫೋಟಂಗ್‌ಸ್ಟಿಕ್ ಆಮ್ಲವೇ ಸರಿ. ಜೀವಂತ ಕಾಲುಬಾಯಿ ವೈರಸ್ಸನ್ನು ಬೆಳೆಸುವುದು ಬಿಗಿ ಭದ್ರತೆಯ ಪ್ರಯೋಗಾಲಯದ ಕೆಲಸ; ಕಾಲೇಜಿನಲ್ಲಿ ಅದರ ಯೋಚನೆಯೂ ಬೇಡ.

ಇನ್ನು ತಯಾರಿ. ಫ್ಲಾಸ್ಕಿನ ಕೋಶಗಳನ್ನು ಟ್ರಿಪ್ಸಿನ್ ಹಾಕಿ ಎಬ್ಬಿಸಬಾರದು, ಮೇಲೆ ಅಂಟಿದ ವೈರಸ್ ಕೊಚ್ಚಿಹೋಗುತ್ತದೆ. ಮಾಧ್ಯಮ ಬಸಿದು, ಕೋಶವನ್ನು ಇದ್ದಂತೆಯೇ ಗಟ್ಟಿಹಿಡಿಯುವ 2.5 ಶೇಕಡಾ ಗ್ಲುಟರಾಲ್ಡಿಹೈಡ್ ಅಲ್ಲಿಯೇ ಸುರಿಯಬೇಕು. 10 ಮಿಲಿಲೀಟರ್ ಬೇಕಾದರೆ 25 ಶೇಕಡಾ ಮೂಲ ದ್ರಾವಣ 1 ಮಿಲಿಲೀಟರ್, 0.2 ಮೋಲಾರ್ ಬಫರ್ 5, ಬಟ್ಟಿ ಇಳಿಸಿದ ನೀರು 4; ಪಿಎಚ್ 7.2ರಿಂದ 7.4. ಮೂಲ ದ್ರಾವಣ ಹಳದಿಗೆ ತಿರುಗಿದ್ದರೆ ಎಸೆಯಿರಿ. ಒಂದು ಗಂಟೆಯ ಮೇಲೆ ಕೋಶಗಳನ್ನು ಕೆರೆದು ತೆಗೆದು, ಸೆಂಟ್ರಿಫ್ಯೂಜ್ ಮಾಡಿ, ಉಂಡೆಯನ್ನು 2 ಶೇಕಡಾ ಅಗರ್‌ನಲ್ಲಿ ಹಿಡಿಸಿದರೆ ಮುಂದಿನ ತೊಳೆತಗಳಲ್ಲಿ ಚದುರುವುದಿಲ್ಲ. ಆಮೇಲೆ 1 ಶೇಕಡಾ ಆಸ್ಮಿಯಂ ಟೆಟ್ರಾಕ್ಸೈಡ್ ಒಂದು ಗಂಟೆ. ಪೊರೆಗಳು ಕಪ್ಪಾಗಿ ಕಾಣುವುದು ಇದರಿಂದಲೇ. ಇದರ ಆವಿ ಕಣ್ಣಿನ ಕಾರ್ನಿಯಾಕ್ಕೆ ಹಾನಿ ಮಾಡುತ್ತದೆ, ಹೊಗೆಗೂಡಿನ ಹೊರಗೆ ಸೀಸೆಯ ಮುಚ್ಚಳ ತೆಗೆಯಲೇಬಾರದು. ಉಳಿದದ್ದನ್ನು ಎರಡು ಪಟ್ಟು ಅಡುಗೆ ಎಣ್ಣೆಗೆ ಸುರಿದು ಕಪ್ಪಾಗಲು ಬಿಡುತ್ತಾರೆ. ಮೆಕ್ಕೆಜೋಳದ ಎಣ್ಣೆ ವಾಡಿಕೆ. ಅಪರ್ಯಾಪ್ತ ಕೊಬ್ಬು ಹೇರಳವಾಗಿರುವ ನಮ್ಮ ಸೀಮೆಯ ಕುಸುಬಿ ಎಣ್ಣೆಯೂ ಆ ಕೆಲಸಕ್ಕೆ ಒದಗುತ್ತದೆ.

ನಂತರ ಕೋಶದ ನೀರು ತೆಗೆಯಲು ಆಲ್ಕೋಹಾಲ್: 30, 50, 70, 90, ಕೊನೆಗೆ 100 ಶೇಕಡಾ ಮೂರು ಸಲ, ಪ್ರತಿ ಸಲ 10–15 ನಿಮಿಷ. ಪ್ರೊಪಿಲೀನ್ ಆಕ್ಸೈಡ್ ಎರಡು ಸಲ, ಅರ್ಧಕ್ಕರ್ಧ ರಾಳ ಬೆರೆಸಿ ರಾತ್ರಿಯಿಡೀ, ಆಮೇಲೆ ಬರೀ ರಾಳ, 60 ಡಿಗ್ರಿಯಲ್ಲಿ 48 ಗಂಟೆ. ರಾಳ ಗಟ್ಟಿಯಾಗಿ ಆದ ಅಚ್ಚು ಉಗುರಿನಿಂದ ಒತ್ತಿದಾಗ ಮೆತ್ತಗಿದ್ದರೆ ದೋಷ ಹೆಚ್ಚಾಗಿ ನೀರಿನದು: 100 ಶೇಕಡಾ ಎಂದು ಬರೆದ ಬಾಟಲಿ ತೆರೆದು ವಾರಗಳಾಗಿ ಗಾಳಿಯ ತೇವ ಕುಡಿದಿರುತ್ತದೆ. ಕೊನೆಯ ಆಲ್ಕೋಹಾಲಿಗೆ ಹೊಸ ಬಾಟಲಿಯನ್ನೇ ಒಡೆಯಿರಿ.

ಕೊಯ್ಯುವಾಗ ಹಾಳೆಯ ಬಣ್ಣವೇ ಅಳತೆಗೋಲು. ಹಾಳೆ ಕೊಯ್ಯುವ ಯಂತ್ರದಲ್ಲಿ ವಜ್ರದ ಅಲಗಿನ ಹಿಂದಿನ ಪುಟ್ಟ ತೊಟ್ಟಿಯ ನೀರಿನ ಮೇಲೆ ಹಾಳೆಗಳು ಒಂದರ ಬಾಲ ಒಂದು ಹಿಡಿದಂತೆ ಸಾಲಾಗಿ ತೇಲುತ್ತವೆ. ಮೇಲಿನ ದೀಪದ ಬೆಳಕಿನಲ್ಲಿ ಬೂದು ಬಣ್ಣವಾದರೆ 60 ನ್ಯಾನೋಮೀಟರ್‌ಗಿಂತ ಕಡಿಮೆ, ಬೆಳ್ಳಿಯಾದರೆ 60–90, ಬಂಗಾರವಾದರೆ 90ಕ್ಕೆ ಮೇಲೆ. ಬೇಕಾದದ್ದು ಬೆಳ್ಳಿ. ಅಲಗಿನ ಅಂಚಿಗೆ ಸಮಾನಾಂತರ ಪಟ್ಟೆಗಳು ಬಂದರೆ ಅದು ನಡುಕ: ಅಚ್ಚು ಸಡಿಲ, ವೇಗ ಹೆಚ್ಚು, ಇಲ್ಲವೇ ನೆಲವೇ ಅದುರುತ್ತಿದೆ. ಸಂಡೂರು, ತೋರಣಗಲ್ಲು ಕಡೆಯ ಅದಿರು ಲಾರಿ ಓಡಾಡುವ ರಸ್ತೆಯ ಬದಿಯಲ್ಲಿ ಈ ಯಂತ್ರ ಇಡುವ ಕಟ್ಟಡವಾದರೆ ನೆಲಮಹಡಿ, ಒಳಗೋಡೆಯ ಪಕ್ಕ, ಭಾರದ ಕಲ್ಲುಮೇಜು, ಇಷ್ಟನ್ನು ಕಟ್ಟುವಾಗಲೇ ಯೋಚಿಸಬೇಕು. ಕೊಯ್ಯುವ ದಿಕ್ಕಿನಲ್ಲೇ ಗೀರು ಬಂದರೆ ಅಲಗಿನ ಬಾಯಿ ಹಲ್ಲುಬಿದ್ದಿದೆ ಎಂದರ್ಥ.

ಬಣ್ಣಕ್ಕೆ 2 ಶೇಕಡಾ ಯುರೇನಿಲ್ ಅಸಿಟೇಟ್ 10–20 ನಿಮಿಷ, ಸೀಸದ ಸಿಟ್ರೇಟ್ 5 ನಿಮಿಷ. ಯುರೇನಿಲ್ ಹಾಕುವ ಮುಂಚೆ ಫಾಸ್ಫೇಟ್ ಬಫರ್ ಚೂರೂ ಉಳಿದಿರಬಾರದು, ಉಳಿದರೆ ಮರಳಿನಂತೆ ಗಸಿ ಬೀಳುತ್ತದೆ. ಸೀಸದ ಹಂತದಲ್ಲಿ ಉಸಿರೂ ಶತ್ರು. ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಸೀಸದ ಕಾರ್ಬೊನೇಟ್, ಚಿತ್ರದಲ್ಲಿ ಕಪ್ಪಾಗಿ ಕಾಣುವ ಹುಡಿಯಾಗಿ, ಹಾಳೆ ಕೂರಿಸುವ ಲೋಹದ ಜಾಲರಿಯಾದ ಗ್ರಿಡ್ ಮೇಲೆ ಕೂಡುತ್ತದೆ. ಪೆಟ್ರಿ ತಟ್ಟೆಯಲ್ಲಿ ಬಣ್ಣದ ಹನಿಯ ಸುತ್ತ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ ಇಟ್ಟು, ಮುಚ್ಚಳ ಒಂದು ಎಳೆಯಷ್ಟೇ ಎತ್ತಿ ಗ್ರಿಡ್ ಇಡಬೇಕು. ತೊಳೆಯಲು ಕುದಿಸಿ ಆರಿಸಿದ ನೀರು. ಈ ಕಪ್ಪು ಹುಡಿಯ ಸಣ್ಣ ಕಾಳುಗಳನ್ನು ಕಾಲುಬಾಯಿ ವೈರಸ್ ಎಂದು ತಿಳಿದವರಿದ್ದಾರೆ. ಗುರುತಿಸುವುದು ಸುಲಭ: ಹುಡಿಯ ಕಾಳಿಗೆ ಒಳರಚನೆ ಇಲ್ಲ, ಕೋಶವಿಲ್ಲದ ಬರೀ ರಾಳದ ಮೇಲೂ ಅದು ಬಿದ್ದಿರುತ್ತದೆ.

ವೈರಸ್ಸಿನ ವೇಷದಲ್ಲಿ ಕೂತಿರುವ ಬೇರೆಯವೂ ಇವೆ. ಕ್ಲಾತ್ರಿನ್ ಹೊದ್ದ ಬರಿಯ ಚೀಲವೇ ಸುಮಾರು 100 ನ್ಯಾನೋಮೀಟರ್. ಸುತ್ತ ಮುಳ್ಳಿನಂತೆ ಕಾಣುತ್ತದೆ. 2020ರಲ್ಲಿ ಇಂಥ ಚೀಲಗಳನ್ನೇ ಕೊರೊನಾ ವೈರಸ್ ಎಂದು ಬರೆದ ಲೇಖನಗಳು ಬಂದು, ಅನುಭವಿಗಳು ಅವನ್ನು ತಿದ್ದಬೇಕಾಯಿತು. ಒಂದು ಸೂತ್ರ ನೆನಪಿಡಬಹುದು: ಚೀಲದ ಗೊಂಡೆ ಕೋಶರಸದ ಕಡೆಗಿರುತ್ತದೆ, ಕೊರೊನಾದ ಮುಳ್ಳು ಕೋಶದ ಹೊರಗಡೆಗೋ ಚೀಲದ ಒಳಗಡೆಗೋ ಇರುತ್ತದೆ, ಎಂದೂ ಕೋಶರಸಕ್ಕೆ ಮುಖ ಮಾಡುವುದಿಲ್ಲ. ಇನ್ನು ಬಿಎಚ್‌ಕೆ-21 ಕೋಶದಲ್ಲಿ ಯಾರೂ ಸೋಂಕು ಹಾಕದೆಯೂ ಆರ್-ಮಾದರಿ ಎಂಬ, ವೈರಸ್ಸಿನಂತೆಯೇ ಕಾಣುವ ಕಣಗಳಿರುತ್ತವೆ. ಆದ್ದರಿಂದ ಸೋಂಕಿಲ್ಲದ ಫ್ಲಾಸ್ಕ್ ಒಂದನ್ನು ಅದೇ ದಿನ, ಅದೇ ದ್ರಾವಣಗಳಲ್ಲಿ ಕೊನೆಯವರೆಗೂ ಜೊತೆಗೆ ತರಬೇಕು. ಅದಿಲ್ಲದ ಚಿತ್ರವನ್ನು ನಂಬಬೇಡಿ, ಎಷ್ಟೇ ಚೆಂದವಿರಲಿ.

ಹಟ್ಟಿಯಿಂದ ಮಾದರಿ ತರುವವರಿಗೆ ಬೇಕಾದದ್ದು ಇಷ್ಟು. ಅಂಗಾಂಶದ ತುಂಡು 1 ಮಿಲಿಮೀಟರ್ ಮೀರಬಾರದು. ಗ್ಲುಟರಾಲ್ಡಿಹೈಡ್ ನಿಧಾನವಾಗಿ ಇಳಿಯುವ ಮದ್ದು, ಹುಣಸೆಬೀಜದಷ್ಟು ತುಂಡಿನ ನಡುಭಾಗ ಕೊಳೆತೇ ಹೋಗುತ್ತದೆ. ಬಿಸಿಲಲ್ಲಿ ಎರಡು ಗಂಟೆ ಬಿದ್ದ ಕುರಿಯಿಂದ ತೆಗೆದ ತುಂಡು ಈ ಕೆಲಸಕ್ಕೆ ಬಾರದು. ಸೀಸೆ ಮಂಜುಗಡ್ಡೆಯ ಪಕ್ಕ ಇರಲಿ, ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ಹರಳುಗಳು ಪೊರೆಯನ್ನೆಲ್ಲ ಹರಿಯುತ್ತವೆ. ನೀಲಿ ನಾಲಿಗೆಗೆ ರಕ್ತ ಕಳಿಸುವುದಾದರೆ ಇಡಿಟಿಎ ನಳಿಕೆಯಲ್ಲಿ, 4 ಡಿಗ್ರಿಯಲ್ಲಿ ಕಳಿಸಿ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯ ಮೈನಸ್ 20 ಡಿಗ್ರಿಯಲ್ಲಿ ಈ ವೈರಸ್ ಉಳಿಯುವುದಿಲ್ಲ. ಕೆಂಪು ರಕ್ತಕಣದ ಪೊರೆಯ ಗುಳಿಗಳಲ್ಲಿ ಇದು ಅಡಗಿ ಕೂರುತ್ತದೆ, ಹಾಗಾಗಿ ಸೀರಮ್ ಮಾತ್ರ ಕಳಿಸಿದರೆ ವೈರಸ್ಸನ್ನು ಹಟ್ಟಿಯಲ್ಲೇ ಬಿಟ್ಟುಬಂದಂತೆ.

ಮೈಮೇಲೆ ಗಂಟು, ಹಕ್ಕಳೆ ಇದ್ದರೆ ದಾರಿ ಬಹಳ ಹತ್ತಿರದ್ದು. ಒಣ ಹಕ್ಕಳೆಯ ಸಣ್ಣ ಚೂರನ್ನು ನಾಲ್ಕೈದು ಹನಿ ಬಟ್ಟಿ ಇಳಿಸಿದ ನೀರಲ್ಲಿ ಅರೆದು, ಆ ಹನಿಯ ಮೇಲೆ ಇಂಗಾಲ ಲೇಪಿಸಿದ ಗ್ರಿಡ್ ಬೋರಲು ಹಾಕಿ 2 ನಿಮಿಷ ಬಿಟ್ಟು, ಸೋಸುಕಾಗದದ ಅಂಚಿನಿಂದ ಹೀರಿ, ಫಾಸ್ಫೋಟಂಗ್‌ಸ್ಟಿಕ್ ಆಮ್ಲದ ಹನಿಯಲ್ಲಿ ಅರ್ಧ ನಿಮಿಷ ಇಟ್ಟು ಒಣಗಿಸಿದರೆ ಕಾಲು ಗಂಟೆಯೊಳಗೆ ಉತ್ತರ. ಮಿಲಿಲೀಟರಿಗೆ ಹತ್ತು ಲಕ್ಷ ಕಣವಾದರೂ ಇದ್ದರೆ ಕಾಣುತ್ತದೆ. ಹಕ್ಕಳೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಗಿಡ್ಡ ಮೈಯ ಇಟ್ಟಿಗೆ ಕಂಡರೆ ಸಿಡುಬು. ಮೊಟ್ಟೆಯಾಕಾರದ, ಉಣ್ಣೆಯ ಉಂಡೆಗೆ ನೂಲು ಅಡ್ಡಾದಿಡ್ಡಿ ಸುತ್ತಿದಂಥ, 260ಕ್ಕೆ 160 ನ್ಯಾನೋಮೀಟರ್ ಕಣ ಕಂಡರೆ ಆರ್ಫ್, ಅಂದರೆ ಕುರಿ-ಆಡುಗಳ ಬಾಯಿ ಸುತ್ತ ಹಕ್ಕಳೆಗಟ್ಟುವ ಹುಣ್ಣಿನ ಬೇನೆ. ಕುರಿ ಸಿಡುಬು, ಆಡಿನ ಸಿಡುಬು, ಚರ್ಮಗಂಟು ಈ ಮೂರನ್ನು ಒಂದರಿಂದ ಒಂದು ಬೇರೆ ಮಾಡುವುದು ಈ ಚಿತ್ರದಿಂದ ಸಾಧ್ಯವಿಲ್ಲ, ಅದು ಪಿಸಿಆರ್ ಕೆಲಸ. ಆರ್ಫ್ ಮನುಷ್ಯರ ಕೈಗೂ ಹತ್ತುತ್ತದೆ. ಮರಿಗಳ ಬಾಯಿಗೆ ಮದ್ದು ಹಚ್ಚುವ ಕುರಿಗಾರರಿಗೂ, ಹಕ್ಕಳೆ ಕೀಳುವವರಿಗೂ ಕೈಗವಸು ಕೊಟ್ಟೇ ಕೆಲಸ ಶುರುಮಾಡಿ.